ಲಿನಕ್ಸ್‌ನಲ್ಲಿ ಡಯಲ್-ಅಪ್ ಕೈಕೊಟ್ಟರೆ: ಯಾವ ಮೆಟ್ಟಿಲಲ್ಲಿ ನಿಂತಿತು?

ಟೆಲಿಫೋನ್ ಲೈನಿನಲ್ಲಿ ಕರೆ ಮಾಡಿ ಇಂಟರ್ನೆಟ್ಟಿಗೆ ಸೇರುವ ಡಯಲ್-ಅಪ್ ಸಂಪರ್ಕ ಎಂದರೆ ಒಂದರ ಬೆನ್ನಿಗೆ ಒಂದು ನಡೆಯಬೇಕಾದ ಏಳೆಂಟು ಕೆಲಸ. ಕಂಪ್ಯೂಟರು ಸೀರಿಯಲ್ ಪೋರ್ಟ್ ತೆರೆಯಬೇಕು. ಪೋರ್ಟಿನಾಚೆ ಮೋಡೆಮ್ (ಕಂಪ್ಯೂಟರಿನ ಮಾಹಿತಿಯನ್ನು ಫೋನ್ ಲೈನಿನ ಸದ್ದಾಗಿಸುವ ಸಾಧನ) ಓಗೊಡಬೇಕು. ಮೋಡೆಮ್‌ಗೆ ಡಯಲ್ ಟೋನ್ ಕೇಳಿಸಬೇಕು. ಆ ಕಡೆಯ ಮೋಡೆಮ್ ಕರೆ ಎತ್ತಿ ಇದರ ಜೊತೆ ವೇಗ ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಪಿಪಿಪಿ (ಎರಡು ಕಡೆಯ ಕಂಪ್ಯೂಟರುಗಳು ಆ ಲೈನಿನ ಮೇಲೆ ಮಾತಾಡಿಕೊಳ್ಳುವ ನಿಯಮ), ಹೆಸರು-ಪಾಸ್‌ವರ್ಡು, ಐಪಿ ವಿಳಾಸ, ಕೊನೆಗೆ ರೂಟ್ (ಮಾಹಿತಿ ಹೋಗುವ ದಾರಿ) ಮತ್ತು ತಾಣದ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್. ಕೆಟ್ಟಿರುವುದು ಸಾಮಾನ್ಯವಾಗಿ ಇವುಗಳಲ್ಲಿ ಒಂದೇ. ಆದರೆ ಡಯಲ್ ಮಾಡುವ ತಂತ್ರಾಂಶ ಎಲ್ಲದಕ್ಕೂ "ಸಂಪರ್ಕ ಸಿಗಲಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಆಗ ಹೆಚ್ಚಿನವರು ಕೈಹಾಕುವುದು ಪಾಸ್‌ವರ್ಡಿಗೆ. ಮೋಡೆಮ್ ಫೋನನ್ನೇ ಎತ್ತಿಲ್ಲದಿರುವಾಗ ಪಾಸ್‌ವರ್ಡನ್ನು ಹತ್ತು ಸಲ ತಿದ್ದಿ ಏನು ಬಂತು? ಕೆಳಗಿನ ಮೆಟ್ಟಿಲು ಗಟ್ಟಿಯಾಗಿದೆ ಎಂದು ಖಾತ್ರಿಯಾಗುವವರೆಗೆ ಮೇಲಿನದನ್ನು ಮುಟ್ಟಬಾರದು.

1995ರ ಆಗಸ್ಟ್ 15ರಂದು ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು ಇದೇ ದಾರಿಯಲ್ಲಿ. ಅಮೆರಿಕದ ಎಒಎಲ್ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್-ಅಪ್ ಬಾಗಿಲು ಹಾಕಿತು. ಆದರೂ ದೂರದ ಜಾಗದ ರೂಟರಿಗೆ ಹಿತ್ತಿಲ ಬಾಗಿಲಾಗಿ, ಹಳೆಯ ನಿಯಂತ್ರಣ ಯಂತ್ರಗಳನ್ನು ತಲುಪಲು, ಹಳೆ ಕಂಪ್ಯೂಟರ್ ಎಬ್ಬಿಸುವ ಹವ್ಯಾಸಕ್ಕೆ ಮೋಡೆಮ್ ಇನ್ನೂ ಬಳಕೆಯಲ್ಲಿದೆ.

ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪಿಸುವುದು ಇಂಗ್ಲಿಷ್ ಅಕ್ಷರದಲ್ಲಿ. ಲಿನಕ್ಸ್ ಆಜ್ಞೆಗಳು ಚಿಕ್ಕಕ್ಷರ, ಬೇರೆ ಇದ್ದಲ್ಲಿ ಹೇಳಿದೆ. ಮೋಡೆಮ್‌ಗೆ ಕೊಡುವ ಎಟಿ ಆಜ್ಞೆಗಳು ದೊಡ್ಡಕ್ಷರದಲ್ಲಿರಲಿ. ಎ ದೊಡ್ಡದು, ಟಿ ಚಿಕ್ಕದು ಎಂದು ಬೆರೆಸಿದರೆ ಮೋಡೆಮ್ ಕಿವಿಗೊಡುವುದಿಲ್ಲ. ಪೋರ್ಟಿನ ಹೆಸರುಗಳಲ್ಲಿ ಟಿಟಿವೈ ಚಿಕ್ಕದು, ಅದರ ಮುಂದಿನ ಅಕ್ಷರಗಳು ದೊಡ್ಡವು.

ಮೊದಲ ಉಪಕರಣ ಕಿವಿ

ಸ್ಪೀಕರನ್ನು ಮುಚ್ಚಿಟ್ಟು ಡಯಲ್-ಅಪ್ ದೋಷ ಹುಡುಕುವುದು ಕಣ್ಣು ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಿದಂತೆ. ಮೋಡೆಮ್ ಜೊತೆ ನೇರವಾಗಿ ಟೈಪಿಸಿ ಮಾತಾಡುವ ಮಿನಿಕಾಮ್ ತಂತ್ರಾಂಶದಲ್ಲಿ (ಅದರ ಹೊಂದಿಕೆ ಕೆಳಗಿದೆ) ಎಟಿಎಂ1ಎಲ್3 ಕೊಡಿ. ಎಂ1 ಎಂದರೆ ಸಂಪರ್ಕ ಕೂಡುವವರೆಗೆ ಮಾತ್ರ ಸದ್ದು, ಎಲ್3 ಎಂದರೆ ಗಟ್ಟಿಯಾಗಿ. ಎಂ0 ಇದ್ದರೆ ಪೂರ್ತಿ ಮೌನ.

ಸರಿಯಿರುವ ಕರೆಯ ಸದ್ದು ಹೀಗೆ: ರಿಲೇ "ಟಕ್" ಎನ್ನುತ್ತದೆ, ಡಯಲ್ ಟೋನ್ "ಗುಂಯ್" ಎನ್ನುತ್ತದೆ, ಅಂಕೆಗಳ ಪಿಪಿ ಸದ್ದು, ಆ ಕಡೆ ಗಂಟೆ. ಅಲ್ಲಿಯ ಮೋಡೆಮ್ ಎತ್ತಿಕೊಂಡೊಡನೆ ಉದ್ದನೆಯ ಕೀರಲು. ಅದು 2100 ಹರ್ಟ್ಸ್‌ನ ಉತ್ತರ ಸ್ವರ, ಪ್ರತಿ 450 ಮಿಲಿಸೆಕೆಂಡಿಗೆ ಒಮ್ಮೆ ಮಗುಚಿಕೊಳ್ಳುತ್ತದೆ. ದಾರಿಯಲ್ಲಿರುವ ಪ್ರತಿಧ್ವನಿ ತಡೆಯುವ ಸಾಧನಗಳನ್ನು ಸುಮ್ಮನಾಗಿಸುವುದು ಅದರ ಕೆಲಸ. ಆಮೇಲೆ ಎರಡೂ ಮೋಡೆಮುಗಳು ಲೈನಿನ ಗುಣ ಅಳೆಯುವ "ಟೊಂಯ್, ಟೊಂಯ್", ಬಳಿಕ ಜಲಪಾತದಂಥ "ಶ್ಶ್ಶ್", ಮತ್ತೆ ನಿಶ್ಶಬ್ದ. ವಿ.90 (56ಕೆ ವೇಗದ ಮಾನದಂಡ) ಕರೆಯಲ್ಲಿ ಕೀರಲಿನಿಂದ ನಿಶ್ಶಬ್ದದವರೆಗೆ 20 ಸೆಕೆಂಡಿಗೂ ಮಿಕ್ಕಿ ಹಿಡಿಯಬಹುದು.

"ಟಕ್" ಕೇಳಿಸದಿದ್ದರೆ ದೋಷ ಪೋರ್ಟು, ಡ್ರೈವರ್ ಅಥವಾ ಮೋಡೆಮಿನದು. "ಟಕ್" ಆಗಿಯೂ "ಗುಂಯ್" ಇಲ್ಲದಿದ್ದರೆ ಟೆಲಿಫೋನ್ ತಂತಿಯದು, ಇಲ್ಲವೆ ಮೋಡೆಮಿನ ಲೈನ್ ಕಡೆಯ ಸರ್ಕಿಟ್‌ನದು. "ಗುಂಯ್" ಕೇಳಿಸಿದರೂ ಡಯಲ್ ಮಾಡದೆ ಇಳಿಸಿಬಿಟ್ಟರೆ ಮೋಡೆಮ್‌ಗೆ ಆ ಟೋನಿನ ಗುರುತು ಸಿಗುತ್ತಿಲ್ಲ. "ಶ್ಶ್ಶ್" ನಡುವೆ ಕಡಿದುಬಿದ್ದರೆ ಗದ್ದಲದ ಲೈನು. "ಶ್ಶ್ಶ್" ಮುಗಿದು ನಿಶ್ಶಬ್ದವಾದ ಮೇಲೆ ಕೆಟ್ಟರೆ ಅದು ಪಿಪಿಪಿ. ಅಲ್ಲಿಂದಾಚೆ ಕಿವಿಗೆ ಕೆಲಸವಿಲ್ಲ, ಲಾಗ್ ತೆರೆಯಿರಿ. ಒಂದು ಅಪವಾದ ಉಂಟು. ಲ್ಯಾಪ್‌ಟಾಪಿನ ಒಳಗಿನ ಮೋಡೆಮುಗಳಲ್ಲಿ ಹಲವಕ್ಕೆ ಸ್ಪೀಕರೇ ಇರುವುದಿಲ್ಲ. ಆಗ ಅದೇ ಲೈನಿಗೆ ಸಮಾನಾಂತರವಾಗಿ ಸಾದಾ ಫೋನು ಜೋಡಿಸಿ, ರಿಸೀವರಿನ ಬಾಯಿಯ ತೂತಿಗೆ ಬೆರಳು ಒತ್ತಿ ಕೇಳಬೇಕು.

ಪೋರ್ಟು: ಮೋಡೆಮ್ ಎಲ್ಲಿ ಕುಳಿತಿದೆ?

ಹೊರಗಿನ ಸೀರಿಯಲ್ ಮೋಡೆಮ್ ಆದರೆ ಮೊದಲ ಪೋರ್ಟು ಟಿಟಿವೈಎಸ್0 (ವಿಳಾಸ 3ಎಫ್8, ಸಿಪಿಯುವಿನ ಗಮನ ಸೆಳೆಯುವ ಸಂಕೇತದ ಸಂಖ್ಯೆಯಾದ ಐಆರ್‌ಕ್ಯು 4), ಎರಡನೆಯದು ಟಿಟಿವೈಎಸ್1 (2ಎಫ್8, ಐಆರ್‌ಕ್ಯು 3). ಯುಎಸ್‌ಬಿ ಮೋಡೆಮ್ ಚುಚ್ಚಿ ಡಿಎಂಇಎಸ್‌ಜಿ ಆಜ್ಞೆಯ ಕೊನೆಯ ಸಾಲುಗಳನ್ನು ನೋಡಿದರೆ ಟಿಟಿವೈಎಸಿಎಂ0 ಎಂಬ ಹೆಸರು ಬಂದಿರಬೇಕು. ಅದನ್ನು ಕೊಡುವುದು ಸಿಡಿಸಿ-ಎಸಿಎಂ ಮಾಡ್ಯೂಲು. ಯುಎಸ್ ರೊಬೊಟಿಕ್ಸ್ 5637 ಹೀಗೆ ಯಾವ ಡ್ರೈವರನ್ನೂ ಬೇಡದೆ ನಡೆಯುವ ಮೋಡೆಮ್. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಹಾಕಿ ಹಳೆಯ ಮೋಡೆಮ್ ಜೋಡಿಸಿದ್ದರೆ ಹೆಸರು ಟಿಟಿವೈಯುಎಸ್‌ಬಿ0.

ಹೆಸರು ಇದ್ದೂ ತೆರೆಯದಿದ್ದರೆ ಮೂರು ಕಾರಣಗಳು ಪದೇ ಪದೇ ಎದುರಾಗುತ್ತವೆ. ಒಂದು, ಅನುಮತಿ. ಡೆಬಿಯನ್, ಉಬುಂಟುಗಳಲ್ಲಿ ಪೋರ್ಟು ಡಯಲ್‌ಔಟ್ ಗುಂಪಿನದು, ಪಿಪಿಪಿಡಿ (ಪಿಪಿಪಿ ನೋಡಿಕೊಳ್ಳುವ ತಂತ್ರಾಂಶ) ನಡೆಸುವ ಹಕ್ಕು ಡಿಪ್ ಗುಂಪಿನದು. ಬಳಕೆದಾರ ಎರಡರಲ್ಲೂ ಇರಬೇಕು. ಆರ್ಚ್‌ನಲ್ಲಿ ಪೋರ್ಟಿನ ಗುಂಪು ಯುಯುಸಿಪಿ. ಯೂಸರ್‌ಮಾಡ್ ಆಜ್ಞೆಗೆ ಚಿಕ್ಕ ಎ, ದೊಡ್ಡ ಜಿ ಆಯ್ಕೆ ಕೊಟ್ಟು ಗುಂಪಿಗೆ ಸೇರಿಸಿ. ಚಿಕ್ಕ ಎ ಮರೆತರೆ ಬೇರೆ ಗುಂಪುಗಳೆಲ್ಲ ಕಳಚಿ ಸುಡೊ ಹಕ್ಕೇ ಹೋದೀತು. ಲಾಗ್ಔಟ್ ಮಾಡಿ ಮತ್ತೆ ಒಳಬಂದ ಮೇಲಷ್ಟೇ ಇದು ಜಾರಿಗೆ ಬರುತ್ತದೆ.

ಎರಡು, ಬೇರೆ ಯಾರೋ ಪೋರ್ಟ್ ಹಿಡಿದಿದ್ದಾರೆ. ಇಂದಿನ ಡೆಸ್ಕ್‌ಟಾಪುಗಳಲ್ಲಿ ಆ "ಯಾರೋ" ಮೋಡೆಮ್‌ಮ್ಯಾನೇಜರ್. 4ಜಿ ಡಾಂಗಲ್‌ಗಳಿಗೆಂದು ಇರುವ ಈ ಸೇವೆ ಹೊಸದಾಗಿ ಚುಚ್ಚಿದ ಎಸಿಎಂ, ಯುಎಸ್‌ಬಿ ಪೋರ್ಟುಗಳಿಗೆ ತಾನೇ ಎಟಿ ಆಜ್ಞೆ ಕಳಿಸಿ ತಡಕುತ್ತದೆ. ಚುಚ್ಚಿದ ಕೆಲವು ಸೆಕೆಂಡು "ಸಾಧನ ಬಿಡುವಿಲ್ಲ" ಎಂಬ ಸಂದೇಶ ಬಂದು ಆಮೇಲೆ ತಾನಾಗಿ ಸರಿಹೋದರೆ ಇದೇ ಕಾರಣ. ಸಿಸ್ಟಮ್‌ಸಿಟಿಎಲ್‌ನಿಂದ ಆ ಸೇವೆಯನ್ನು ನಿಲ್ಲಿಸಿ ನೋಡಿ. ಅದರ ಹೆಸರಿನಲ್ಲಿ ಎರಡೂ ಎಂ ದೊಡ್ಡವು. ಉಬುಂಟು 22.04ರಲ್ಲಿ ಇನ್ನೊಂದು ಕಿರಿಕಿರಿ: ಸಿಎಚ್340 ಚಿಪ್‌ನ ಸೀರಿಯಲ್ ಕೇಬಲನ್ನು ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ಪರದೆಯ ಸೇವೆ ತನ್ನದೆಂದು ಕಸಿದುಕೊಳ್ಳುತ್ತದೆ. ಟಿಟಿವೈಯುಎಸ್‌ಬಿ0 ಕಾಣಿಸಿಕೊಂಡು ಮರುಕ್ಷಣವೇ ಮಾಯವಾದರೆ ಅದನ್ನೇ ಅನುಮಾನಿಸಿ. ಬ್ರೈಲ್ ಪರದೆ ಬಳಸುವವರು ಇಲ್ಲದಿದ್ದರೆ ಆ ಪ್ಯಾಕೇಜು ತೆಗೆದುಹಾಕಬಹುದು.

ಮೂರು, ಸತ್ತ ಬೀಗ, ಅಂದರೆ ಪೋರ್ಟ್ ಬಳಕೆಯಲ್ಲಿದೆ ಎಂದು ಸುಳ್ಳೇ ಹೇಳುವ ಹಳೆಯ ಫೈಲು. ಹಿಂದಿನ ಸಲ ಮಿನಿಕಾಮ್ ಅಥವಾ ಪಿಪಿಪಿಡಿ ಅರ್ಧಕ್ಕೆ ಸತ್ತಿದ್ದರೆ ವಾರ್ ಡೈರೆಕ್ಟರಿಯೊಳಗಿನ ಲಾಕ್‌ನಲ್ಲಿ ಎಲ್‌ಸಿಕೆ ಎಂದು ಶುರುವಾಗಿ ಪೋರ್ಟಿನ ಹೆಸರಿನಿಂದ ಮುಗಿಯುವ ಫೈಲು ಉಳಿದಿರುತ್ತದೆ. ಅದರೊಳಗಿನ ಸಂಖ್ಯೆಯ ಪ್ರೊಸೆಸ್ ನಡೆಯುತ್ತಿಲ್ಲ ಎಂದು ನೋಡಿಕೊಂಡು ಅಳಿಸಿ.

ಈಗ ಮಿನಿಕಾಮ್ ತೆರೆಯಿರಿ. ವೇಗ 115200, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಹೌದು, ಸಾಫ್ಟ್‌ವೇರಿನದು ಇಲ್ಲ. ಎಟಿ ಎಂದು ಒತ್ತಿ ಎಂಟರ್ ಕೊಟ್ಟರೆ "ಓಕೆ" ಬರಬೇಕು. ಬರೆದದ್ದು ಕಾಣದೆ ಓಕೆ ಮಾತ್ರ ಬಂದರೆ ಎಕೋ ಆರಿದೆ, ಎಟಿಇ1 ಕೊಡಿ. ಬರೆದದ್ದು ಕಂಡರೂ ಓಕೆ ಬಾರದಿದ್ದರೆ ಮೋಡೆಮ್ ಮೌನವ್ರತದಲ್ಲಿರಬಹುದು. ಎಟಿಕ್ಯು0ವಿ1 ಅದನ್ನು ಮುರಿಯುತ್ತದೆ. ಏನೂ ಕಾಣದಿದ್ದರೆ ಕೇಬಲ್ ನೋಡಿ. 9 ಪಿನ್ನಿನಿಂದ 25 ಪಿನ್ನಿಗೆ ಹೋಗುವ ನೇರ ಕೇಬಲ್ ಬೇಕು. ಎರಡು ಕಂಪ್ಯೂಟರ್ ಜೋಡಿಸುವ ನಲ್-ಮೋಡೆಮ್ ಕೇಬಲ್ ನೋಡಲು ಅದರಂತೆಯೇ ಇರುತ್ತದೆ, ಕೆಲಸಕ್ಕೆ ಬಾರದು.

ಓಕೆ ಬರುತ್ತದೆ, ಆದರೆ ಹಲವು ಸೆಕೆಂಡು ತಡವಾಗಿ, ಅಕ್ಷರಗಳು ಗುಂಪುಗುಂಪಾಗಿ ಬೀಳುತ್ತವೆ ಎಂದಾದರೆ ಅದು ಐಆರ್‌ಕ್ಯು ತಪ್ಪಿದ ಖಚಿತ ಲಕ್ಷಣ. ಜಂಪರ್ ಇರುವ ಹಳೆಯ ಐಎಸ್‌ಎ ಕಾರ್ಡುಗಳಲ್ಲಿ ಮೂರನೆಯ ಪೋರ್ಟು ಮೊದಲನೆಯದರ ಐಆರ್‌ಕ್ಯು 4ನ್ನೇ ಹಂಚಿಕೊಂಡು ಹೀಗೆ ಮಾಡುತ್ತದೆ. ಕಾರ್ಡಿನ ಜಂಪರ್ ಬದಲಿಸಿ, ಸೆಟ್‌ಸೀರಿಯಲ್ ಆಜ್ಞೆಯಿಂದ ಲಿನಕ್ಸಿಗೂ ಅದೇ ಸಂಖ್ಯೆ ತಿಳಿಸಿ. ಅದೇ ಆಜ್ಞೆ ಸೀರಿಯಲ್ ಪೋರ್ಟಿನ ಚಿಪ್ಪಾದ ಯುಎಆರ್‌ಟಿ 16550ಎ ಎಂದು ತೋರಿಸಿದರೆ ಒಳ್ಳೆಯದು, 16 ಬೈಟಿನ ಬಫರ್ ಇದೆ. 8250 ಎಂದರೆ ಬಫರ್ ಇಲ್ಲ. 115200ರಲ್ಲಿ ಅಕ್ಷರಗಳು ಉದುರುತ್ತವೆ, 19200ಕ್ಕೆ ಇಳಿಸುವುದು ಕ್ಷೇಮ.

ವಿನ್‌ಮೋಡೆಮ್ ಎಂಬ ತಲೆನೋವು

ಅಗ್ಗದ ಪಿಸಿಐ ಕಾರ್ಡುಗಳಲ್ಲಿ ಬಹುಪಾಲು ಅಸಲಿ ಮೋಡೆಮ್‌ಗಳಲ್ಲ. ಸಂಕೇತ ಬಿಡಿಸುವ ಕೆಲಸವನ್ನು ಸಿಪಿಯು ಮಾಡುತ್ತದೆ. ಕಾರ್ಡಿನಲ್ಲಿ ಇರುವುದು ತಂತಿಗೆ ಅಂಟಿಸುವ ಸರ್ಕಿಟ್ ಅಷ್ಟೇ. ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟಾಗ ಕಾರ್ಡನ್ನು "ಸೀರಿಯಲ್ ಕಂಟ್ರೋಲರ್" ಎಂದರೆ ಬಹುಶಃ ಅಸಲಿ, "ಕಮ್ಯುನಿಕೇಶನ್ ಕಂಟ್ರೋಲರ್" ಎಂದರೆ ಬಹುಶಃ ವಿನ್‌ಮೋಡೆಮ್. ಸ್ಮಾರ್ಟ್‌ಲಿಂಕ್ ಚಿಪ್‌ಗಳಿಗೆ ಎಸ್‌ಎಲ್‌ಮೋಡೆಮ್‌ಡಿ (ಪೋರ್ಟು ಟಿಟಿವೈಎಸ್‌ಎಲ್0), ಲ್ಯೂಸೆಂಟ್-ಅಗೇರ್‌ಗೆ ಮಾರ್ಷಿಯನ್, ಕೊನೆಕ್ಸಾಂಟ್ ಎಚ್‌ಎಸ್‌ಎಫ್‌ಗೆ ಲಿನಕ್ಸಾಂಟ್ ಡ್ರೈವರುಗಳಿದ್ದವು. ಲಿನಕ್ಸಾಂಟ್‌ನ ಪುಕ್ಕಟೆ ಆವೃತ್ತಿ 14.4 ಕೆಬಿಪಿಎಸ್‌ಗೆ ಕಟ್ಟಿಹಾಕಿತ್ತು. "ನನ್ನ 56ಕೆ ಮೋಡೆಮ್ 14400ಕ್ಕಿಂತ ಮೇಲೇಳುವುದಿಲ್ಲ" ಎಂಬ ದೂರಿಗೆ ಎಷ್ಟೋ ಸಲ ಅದೇ ಉತ್ತರ. ಎಸ್‌ಎಲ್‌ಮೋಡೆಮ್‌ಡಿಯ ಮುಖ್ಯ ಭಾಗ ಮೂಲಸಂಕೇತವಿಲ್ಲದ 32 ಬಿಟ್ ತುಣುಕು, 64 ಬಿಟ್ ಯಂತ್ರದಲ್ಲಿ 32 ಬಿಟ್ ಲೈಬ್ರರಿಗಳನ್ನು ಜೊತೆಗೂಡಿಸಬೇಕು. ಇಂದಿನ ಕರ್ನಲ್‌ನಲ್ಲಿ ಇವುಗಳ ಹಿಂದೆ ವಾರ ಕಳೆಯುವುದಕ್ಕಿಂತ ಒಂದು ಸೀರಿಯಲ್ ಮೋಡೆಮನ್ನೋ ಎಸಿಎಂ ಬಗೆಯ ಯುಎಸ್‌ಬಿ ಮೋಡೆಮನ್ನೋ ತರುವುದು ಜಾಣತನ.

ತಂತಿ, ಟೋನು, ಮಿಂಚು

ಎಟಿಗೆ ಓಕೆ ಬಂದಿತೆಂದರೆ ಕಂಪ್ಯೂಟರಿನಿಂದ ಮೋಡೆಮ್‌ವರೆಗೆ ಸರಿ. ಎಟಿ&ಎಫ್ ಕೊಟ್ಟು ಮೋಡೆಮನ್ನು ಕಾರ್ಖಾನೆಯ ಸ್ಥಿತಿಗೆ ತನ್ನಿ. ಇನ್ನು ಎಟಿಡಿಟಿ ಬರೆದು ಪಕ್ಕದಲ್ಲೇ ಸಂಖ್ಯೆ ಕೊಟ್ಟು ಕೈಯಾರೆ ಡಯಲ್ ಮಾಡಿ. ನಿಮ್ಮದೇ ಮೊಬೈಲ್ ಸಂಖ್ಯೆ ಕೊಟ್ಟರೆ ಸಾಕು. ಮೊಬೈಲ್ ಗುಣುಗುಣಿಸಿದರೆ ಮೋಡೆಮ್ ಡಯಲ್ ಮಾಡಬಲ್ಲದು ಎಂದಾಯಿತು.

"ಡಯಲ್ ಟೋನ್ ಇಲ್ಲ" ಎಂಬ ಉತ್ತರಕ್ಕೆ ಎರಡು ಅರ್ಥ. ನಿಜಕ್ಕೂ ಟೋನು ಇಲ್ಲ, ಅಥವಾ ಇದ್ದದ್ದು ಮೋಡೆಮ್‌ಗೆ ಗುರುತು ಸಿಗಲಿಲ್ಲ. ಭಾರತದ ಡಯಲ್ ಟೋನು 400 ಹರ್ಟ್ಸ್ ಸ್ವರವನ್ನು 25 ಹರ್ಟ್ಸ್‌ನಿಂದ ನಡುಗಿಸಿದ್ದು. ಅಮೆರಿಕದ್ದು 350 ಮತ್ತು 440ರ ಜೋಡಿ. ಆ ದೇಶಕ್ಕೆಂದು ಹೊಂದಿಸಿದ ಮೋಡೆಮ್ ಇಲ್ಲಿನ ಟೋನನ್ನು ಟೋನೆಂದೇ ಒಪ್ಪದಿರುವುದು ಮಾಮೂಲು. ಪರಿಹಾರ ಎಟಿಎಕ್ಸ್3: ಟೋನಿಗೆ ಕಾಯದೆ ಡಯಲ್ ಮಾಡು, ಎಂಗೇಜ್ ಸದ್ದನ್ನು ಮಾತ್ರ ಗಮನಿಸು ಎಂದು ಅರ್ಥ. ಕಚೇರಿಯ ಇಪಿಎಬಿಎಕ್ಸ್ (ಒಳಗಿನ ಫೋನುಗಳನ್ನು ಜೋಡಿಸುವ ಪೆಟ್ಟಿಗೆ) ಹಿಂದೆ ಕುಳಿತ ಮೋಡೆಮ್‌ಗೂ ಇದೇ ಮದ್ದು. ಅಲ್ಲಿ ಹೊರಗಿನ ಲೈನಿಗೆ 0 ಒತ್ತಿ ಒಂದೆರಡು ಅಲ್ಪವಿರಾಮ ಹಾಕಿ. ಒಂದು ಅಲ್ಪವಿರಾಮಕ್ಕೆ 2 ಸೆಕೆಂಡು ತಡೆ. ದೇಶವನ್ನೇ ಬದಲಿಸಬಲ್ಲ ಮೋಡೆಮ್ ಆದರೆ ಎಟಿ+ಜಿಸಿಐ=53 ಭಾರತದ ಸಂಕೇತ.

ಟೋನು ನಿಜಕ್ಕೂ ಇಲ್ಲದಿದ್ದರೆ ಮಲ್ಟಿಮೀಟರ್ ತೆಗೆಯಿರಿ. ಗೋಡೆಯಲ್ಲಿ ಫೋನ್ ವೈರು ಸೇರುವ ರೋಸೆಟ್ ಪೆಟ್ಟಿಗೆಯ ಎರಡು ತಿರುಪುಗಳ ನಡುವೆ, ಫೋನು ಕೆಳಗಿಟ್ಟಾಗ ಸುಮಾರು 48 ವೋಲ್ಟ್ ಡಿಸಿ ಇರಬೇಕು. ಫೋನು ಎತ್ತಿದರೆ 10ರ ಆಸುಪಾಸಿಗೋ ಅದಕ್ಕೂ ಕೆಳಗೋ ಇಳಿಯಬೇಕು. ಅಳೆಯುವಾಗ ಕರೆ ಬಂದರೆ ಗಂಟೆಯ ವೋಲ್ಟೇಜು 75ರಷ್ಟಿರುತ್ತದೆ, ತಂತಿ ಬರಿಗೈಗೆ ತಗುಲದಿರಲಿ. ಈಗ ಮಿನಿಕಾಮ್‌ನಲ್ಲಿ ಎಟಿಎಚ್1 ಕೊಡಿ; ಡಯಲ್ ಮಾಡದೆ ಫೋನು ಎತ್ತು ಎಂದು ಇದರ ಅರ್ಥ. ವೋಲ್ಟೇಜು ಇಳಿದರೆ ಮೋಡೆಮ್ ಲೈನ್ ಹಿಡಿಯುತ್ತಿದೆ. ಓಕೆ ಬಂದೂ ಮೀಟರು 48ರಲ್ಲೇ ನಿಂತಿದ್ದರೆ ಮೊದಲು ಆರ್‌ಜೆ11 ವೈರು ಬದಲಿಸಿ, ಹಾಗೇ ಅದು "ಲೈನ್" ತೂತಿನಲ್ಲಿದೆಯೋ ಪಕ್ಕದ "ಫೋನ್" ತೂತಿನಲ್ಲೋ ನೋಡಿ. ಅದೂ ಸರಿಯಿದ್ದರೆ ಮೋಡೆಮಿನ ಲೈನ್ ಕಡೆ ಸುಟ್ಟಿದೆ.

ಮಳೆಗಾಲದ ಮೊದಲ ಗುಡುಗಿನ ನಂತರ ಮಲೆನಾಡಿನಲ್ಲಿ ಮೋಡೆಮ್‌ಗಳು ಸಾಯುತ್ತಿದ್ದದ್ದು ಹೀಗೆಯೇ: ಎಟಿಗೆ ಚೆನ್ನಾಗಿ ಉತ್ತರಿಸುತ್ತವೆ, ದೀಪಗಳೆಲ್ಲ ಉರಿಯುತ್ತವೆ, ಟೋನು ಮಾತ್ರ ಎಂದೂ ಸಿಗುವುದಿಲ್ಲ. ಸಿಡಿಲಿನ ಹೊಡೆತ ಬೀಳುವುದು ಲೈನ್ ಕಡೆಯ ರಿಲೇ, ಟ್ರಾನ್ಸ್‌ಫಾರ್ಮರು, ವ್ಯಾರಿಸ್ಟರುಗಳ ಮೇಲೆ. ಸೀರಿಯಲ್ ಕಡೆ ಉಳಿದುಕೊಳ್ಳುತ್ತದೆ. ಹಾಗಾಗಿ ಲಿನಕ್ಸನ್ನು ಮತ್ತೆ ಇನ್‌ಸ್ಟಾಲ್ ಮಾಡಿ ಪ್ರಯೋಜನವಿಲ್ಲ. ಮೋಡ ಕವಿದಾಗ ಟೆಲಿಫೋನ್ ವೈರನ್ನೂ ಕೀಳಬೇಕು, ಕರೆಂಟಿನ ಪ್ಲಗ್ ಮಾತ್ರ ಕಿತ್ತರೆ ಸಾಲದು.

ಲೈನಿನ ಗದ್ದಲ ಅಳೆಯಲು ಸಾದಾ ಫೋನು ಸಾಕು. ರಿಸೀವರ್ ಎತ್ತಿ ಯಾವುದಾದರೂ ಒಂದು ಅಂಕೆ ಒತ್ತಿ. ಟೋನು ನಿಲ್ಲುತ್ತದೆ, ಕೆಲವು ಸೆಕೆಂಡು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ "ಕರಕರ" ಎಂದರೆ ಎಲ್ಲೋ ಜಾಯಿಂಟಿನಲ್ಲಿ ನೀರು ಅಥವಾ ತುಕ್ಕು. "ಹಂ" ಎಂದು ಒಂದೇ ಸಮನೆ ಗುಂಯ್ಗುಟ್ಟಿದರೆ ತಂತಿ ನೆಲಕ್ಕೋ ಕರೆಂಟು ತಂತಿಯ ಪಕ್ಕಕ್ಕೋ ತಾಗಿದೆ. ರೋಸೆಟ್‌ನಿಂದ ಒಳಗಿನ ವೈರಿಂಗನ್ನು ಬಿಚ್ಚಿ ಡ್ರಾಪ್ ವೈರಿಗೇ ನೇರ ಫೋನು ಸೇರಿಸಿ ಮತ್ತೆ ಕೇಳಿ. ಕರಕರ ಹೋದರೆ ತಪ್ಪು ಮನೆಯೊಳಗಿದೆ. ಉಳಿದರೆ ಲೈನ್‌ಮನ್ ಬೀದಿಯಲ್ಲಿ ತಂತಿ ಹಂಚುವ ಡಿಪಿ ಪೆಟ್ಟಿಗೆ ತೆರೆಯಬೇಕು.

ಸಮಾನಾಂತರ ಫೋನುಗಳನ್ನು ಮರೆಯಬೇಡಿ. ಅಡುಗೆಮನೆಯ ಫೋನನ್ನು ಯಾರೋ ಎತ್ತಿದರೆ ಸಂಪರ್ಕ ಹೋಯಿತು. ಕಾಲ್ ವೇಟಿಂಗ್‌ನ ಬೀಪು ಕೂಡ ಅಷ್ಟೇ ಕೇಡು. ಅದೇ ಲೈನಿನಲ್ಲಿ ಎಡಿಎಸ್‌ಎಲ್ ಇದ್ದರೆ ಮೋಡೆಮ್ ಫಿಲ್ಟರಿನ ಫೋನ್ ಕಡೆ ಇರಬೇಕು.

ಎತ್ತಿಕೊಂಡರೂ ಕೂಡಿಬರದಾಗ

ಇಲ್ಲಿ ಮೋಡೆಮಿಗಿಂತ ಚಾಟ್ ಲಿಪಿ (ಡಯಲ್ ಮಾಡಿಸಿ ಮೋಡೆಮಿನ ಉತ್ತರಕ್ಕೆ ಕಾಯುವ ಚಿಕ್ಕ ಸ್ಕ್ರಿಪ್ಟು) ಹೆಚ್ಚು ಸಲ ತಪ್ಪಿತಸ್ಥ. ಚಾಟ್‌ನ ಕಾಯುವ ಅವಧಿ ಮೊದಲಿನಿಂದ 45 ಸೆಕೆಂಡು. ಡಯಲ್ ಮಾಡಿ, ಮೂರು ಗಂಟೆ ಹೊಡೆದು, ವಿ.90 ಮಾತುಕತೆ ಮುಗಿಯುವಷ್ಟರಲ್ಲಿ ಅದು ಮುಗಿದೇ ಹೋಗಬಹುದು. "ಶ್ಶ್ಶ್" ಇನ್ನೂ ಕೇಳುತ್ತಿರುವಾಗಲೇ ಕರೆ ಕಡಿದರೆ ಟೈಮ್‌ಔಟ್ ಅನ್ನು 90ಕ್ಕೆ ಏರಿಸಿ. ಸಂಪರ್ಕ ಕೂಡಲು ಮೋಡೆಮ್ ಎಷ್ಟು ಕಾಯಬೇಕು ಎಂಬುದನ್ನು ಇಡುವ ಎಸ್7 ರಿಜಿಸ್ಟರಿಗೂ ಇದೇ ಮಾತು; ಎಟಿಎಸ್7=90 ಎಂದಿಡಿ.

ಇನ್ನೊಂದು ಸಣ್ಣ ಬಲೆ: ಟೋನು ಇಲ್ಲ ಎಂಬ ಸಂದೇಶದಲ್ಲಿ ಡಯಲ್ ಮತ್ತು ಟೋನ್ ಪದಗಳನ್ನು ಕೆಲವು ಮೋಡೆಮ್ ಕೂಡಿಸಿ ಬರೆಯುತ್ತವೆ, ಕೆಲವು ಬಿಡಿಸಿ. ಚಾಟ್ ಲಿಪಿಯ ಅಬಾರ್ಟ್ ಸಾಲಿನಲ್ಲಿ ಒಂದು ರೂಪ ಮಾತ್ರ ಇದ್ದು ಮೋಡೆಮ್ ಇನ್ನೊಂದನ್ನು ಹೇಳಿದರೆ, ಟೋನಿಲ್ಲದ ಲೈನಿನಲ್ಲೂ ಚಾಟ್ ಪೂರ್ತಿ ಅವಧಿ ಕಾಯುತ್ತಾ ಕೂರುತ್ತದೆ. ಎರಡನ್ನೂ ಬರೆದಿಡಿ.

ಇವೆರಡೂ ಅಲ್ಲವಾದರೆ ವೇಗ ತಗ್ಗಿಸಿ. ಎಟಿ+ಎಂಎಸ್=ವಿ34 ಕೊಟ್ಟರೆ ವಿ.90 ಬಿಟ್ಟು 33600ಕ್ಕೆ ಸೀಮಿತವಾಗುತ್ತದೆ; ಹಳೆಯ ರಾಕ್‌ವೆಲ್ ಚಿಪ್‌ಗಳಿಗೆ ಎಟಿ+ಎಂಎಸ್=11. ಯುಎಸ್ ರೊಬೊಟಿಕ್ಸ್‌ನಲ್ಲಿ ಈ ಕೆಲಸ &ಎನ್ ಆಜ್ಞೆಯದು. ಎರಡೂ ತುದಿಯಲ್ಲಿ ಮನೆಯ ಮೋಡೆಮ್‌ಗಳಿದ್ದರೆ 56ಕೆ ಆಸೆಯೇ ಬೇಡ: ವಿ.90ಕ್ಕೆ ಒಂದು ತುದಿ ಎಕ್ಸ್‌ಚೇಂಜಿಗೆ ಡಿಜಿಟಲ್ ಆಗಿ ಸೇರಿರಬೇಕು.

ಪಿಪಿಪಿ: ಸಂಖ್ಯೆ ನೋಡಿ ರೋಗ ಹೇಳಿ

ಡಬ್ಲ್ಯುವಿಡಯಲ್, ಕೆಪಿಪಿಪಿ, ಗ್ನೋಮ್-ಪಿಪಿಪಿ ಎಲ್ಲವೂ ಕೊನೆಗೆ ಕರೆಯುವುದು ಪಿಪಿಪಿಡಿಯನ್ನೇ. ಇವು ಈಗ ಎಲ್ಲ ವಿತರಣೆಗಳಲ್ಲೂ ಸಿಗುವುದಿಲ್ಲ. ದೋಷ ಹುಡುಕಲು ಬೇಕಾಗಿಯೂ ಇಲ್ಲ. ಇಟಿಸಿ-ಪಿಪಿಪಿ-ಪೀರ್ಸ್ ಡೈರೆಕ್ಟರಿಯಲ್ಲಿ ಒಂದು ಫೈಲು ಮಾಡಿ, ಒಂದೊಂದು ಸಾಲಿಗೆ ಒಂದರಂತೆ ಬರೆಯಿರಿ: ಪೋರ್ಟಿನ ಹೆಸರು, 115200, ಸಿಆರ್‌ಟಿಎಸ್‌ಸಿಟಿಎಸ್, ಮೋಡೆಮ್, ಲಾಕ್, ನೋಆಥ್, ನೋಐಪಿಡಿಫಾಲ್ಟ್, ಡಿಫಾಲ್ಟ್‌ರೂಟ್, ಯೂಸ್‌ಪಿಯರ್‌ಡಿಎನ್‌ಎಸ್, ಯೂಸರ್ ಮತ್ತು ಖಾತೆಯ ಹೆಸರು, ಕನೆಕ್ಟ್ ಮತ್ತು ಉದ್ಧರಣ ಚಿಹ್ನೆಯೊಳಗೆ ಚಾಟ್ ಆಜ್ಞೆ. ಚಾಟ್‌ಗೆ ವಿ ಆಯ್ಕೆ ಕೊಟ್ಟರೆ ಮೋಡೆಮ್ ಆಡಿದ ಪ್ರತಿ ಮಾತೂ ಲಾಗ್‌ಗೆ ಬೀಳುತ್ತದೆ. ಮೇಲೆ 115200 ಬರೆದದ್ದು ಕಂಪ್ಯೂಟರ್-ಮೋಡೆಮ್ ನಡುವಿನ ವೇಗ. 56ಕೆ ಮೋಡೆಮ್ ಎಂದು ಅಲ್ಲಿ 56000 ಬರೆಯುವುದು ಹಳೆಯ ತಪ್ಪು. ಬಳಿಕ ಪಿಪಿಪಿಡಿ ಕಾಲ್, ಫೈಲಿನ ಹೆಸರು, ನೋಡಿಟ್ಯಾಚ್, ಡಿಬಗ್ ಎಂದು ಓಡಿಸಿ. ಸೋತು ನಿಂತಾಗ ಎಕೋ, ಡಾಲರ್ ಚಿಹ್ನೆ, ಪ್ರಶ್ನೆ ಚಿಹ್ನೆ ಒತ್ತಿದರೆ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯೇ ಅರ್ಧ ಉತ್ತರ.

6 ಎಂದರೆ ಬೀಗ, 7 ಎಂದರೆ ಪೋರ್ಟ್ ತೆರೆಯಲಿಲ್ಲ, 8 ಎಂದರೆ ಚಾಟ್ ಸೋತಿತು; ಈ ಮೂರಕ್ಕೂ ಹಿಂದಿನ ಭಾಗಗಳಿಗೆ ಮರಳಿ. 4 ಬಂದರೆ ಕರ್ನಲ್‌ನಲ್ಲಿ ಪಿಪಿಪಿ ಇಲ್ಲ. ಮಾಡ್‌ಪ್ರೋಬ್‌ನಿಂದ ಪಿಪಿಪಿ-ಅಸಿಂಕ್ ಮಾಡ್ಯೂಲು ಏರಿಸಿ. 2 ಎಂದರೆ ಆಯ್ಕೆಗಳ ಕಾಗುಣಿತ ತಪ್ಪಿದೆ.

10 ಬಹಳ ಸಲ ಬರುವ ಸಂಖ್ಯೆ: ಪಿಪಿಪಿ ಮಾತುಕತೆ ಮುರಿಯಿತು. ಎಲ್‌ಸಿಪಿ ಎಂಬುದು ಆ ಮಾತುಕತೆಯ ಮೊದಲ ಹಂತ. ಎಲ್‌ಸಿಪಿ ಟೈಮ್‌ಔಟ್ ಎಂದು ಲಾಗ್‌ನಲ್ಲಿದ್ದರೆ ಪಿಪಿಪಿಡಿ 3 ಸೆಕೆಂಡಿಗೊಮ್ಮೆ 10 ಸಲ ಕೂಗಿ, ಅರ್ಧ ನಿಮಿಷ ಕಾದು ಸುಮ್ಮನಾಗಿದೆ. ಆ ಕಡೆ ಪಿಪಿಪಿ ಶುರುವೇ ಆಗಿಲ್ಲ. ಹಲವು ಸಲ ಅಲ್ಲಿಯ ಸರ್ವರು "ಲಾಗಿನ್:" ಎಂದು ಕೇಳಿ ನಿಮ್ಮ ಟೈಪಿಂಗಿಗೆ ಕಾಯುತ್ತಿರುತ್ತದೆ. ಲೈನು 8 ಬಿಟ್ ಕ್ಲೀನ್ ಅಲ್ಲ ಎಂಬ ಎಚ್ಚರಿಕೆಯೂ ಜೊತೆಗಿದ್ದರೆ ಅನುಮಾನವೇ ಬೇಡ; ಬಂದದ್ದೆಲ್ಲ ಬರಿಯ ಪಠ್ಯ ಎಂದು ಅದರ ಅರ್ಥ. ಮಿನಿಕಾಮ್‌ನಿಂದ ಕೈಯಾರೆ ಡಯಲ್ ಮಾಡಿ ನೋಡಿ. ಹೆಸರು ಕೇಳಿದರೆ ಚಾಟ್ ಲಿಪಿಯಲ್ಲಿ ಆ ಪ್ರಶ್ನೋತ್ತರ ಸೇರಿಸಿ. ಅಲೆಯ ಗೀಟು ಮತ್ತು ಚಿತ್ರವಿಚಿತ್ರ ಅಕ್ಷರಗಳ ಸಾಲು ತಾನಾಗಿ ಸುರಿದರೆ ಅದೇ ಪಿಪಿಪಿ. ಚಾಟ್ "ಕನೆಕ್ಟ್" ಕಂಡೊಡನೆ ಬಿಟ್ಟುಕೊಡಬೇಕು. ಡಬ್ಲ್ಯುವಿಡಯಲ್ ಈ ಜಾಗದಲ್ಲಿ ಅತಿಬುದ್ಧಿವಂತಿಕೆ ತೋರಿ ಕಾಯುತ್ತಾ ಕೆಡುವುದುಂಟು; ಅದರ ಫೈಲಿನಲ್ಲಿ "ಸ್ಟುಪಿಡ್ ಮೋಡ್ = ಯೆಸ್" ಬರೆದರೆ ಕನೆಕ್ಟ್ ಆದ ತಕ್ಷಣ ಪಿಪಿಪಿಡಿಗೆ ಒಪ್ಪಿಸುತ್ತದೆ. ಹೆಸರು ಹಾಗಿದ್ದರೂ ಹಲವು ಸಲ ಅದೇ ಸರಿಯಾದ ದಾರಿ.

17 ಬಂದರೆ ಲೂಪ್‌ಬ್ಯಾಕ್, ನೀವು ಕಳಿಸಿದ್ದೇ ನಿಮಗೆ ಮರಳುತ್ತಿದೆ. ಒಂದೋ ಆ ಲಾಗಿನ್ ಪ್ರಶ್ನೆ ಎಕೋ ಮಾಡುತ್ತಿದೆ, ಇಲ್ಲವೆ ಕರೆ ಅದಾಗಲೇ ಕಡಿದು ನಿಮ್ಮದೇ ಮೋಡೆಮ್ ಆಜ್ಞೆಯ ಸ್ಥಿತಿಗೆ ಮರಳಿ ಎಕೋ ಮಾಡುತ್ತಿದೆ.

11, ಅಥವಾ "ಆ ಕಡೆಯವರು ತಮ್ಮ ಗುರುತು ತೋರಿಸಬೇಕು" ಎಂಬ ಸಂದೇಶ ಕಂಡರೆ ನೋಆಥ್ ಮರೆತಿದ್ದೀರಿ.

19 ಬಂದಾಗ ಮಾತ್ರ ಪಾಸ್‌ವರ್ಡ್ ನೋಡಬೇಕಾದದ್ದು. ಪಿಎಪಿ-ಸೀಕ್ರೆಟ್ಸ್, ಸಿಎಚ್‌ಎಪಿ-ಸೀಕ್ರೆಟ್ಸ್ ಎರಡೂ ಫೈಲುಗಳಲ್ಲಿ ಒಂದೇ ಸಾಲಿರಲಿ: ಹೆಸರು, ನಕ್ಷತ್ರ ಚಿಹ್ನೆ, ಪಾಸ್‌ವರ್ಡ್. ಹೆಸರು ಯೂಸರ್ ಸಾಲಿನದಕ್ಕೆ ಅಕ್ಷರಶಃ ಹೊಂದಬೇಕು. ಪಾಸ್‌ವರ್ಡಿನಲ್ಲಿ # ಅಥವಾ ಖಾಲಿ ಜಾಗವಿದ್ದರೆ ಉದ್ಧರಣ ಚಿಹ್ನೆಯೊಳಗಿಡಿ, ಇಲ್ಲವಾದರೆ ಅಲ್ಲಿಂದಾಚೆ ಕತ್ತರಿಸಿಹೋಗುತ್ತದೆ. ಫೈಲಿನ ಅನುಮತಿ 600. ಎಲ್ಲ ಸರಿಯಿದ್ದೂ, ಅದೂ ಕರೆ ಕಡಿದ ಬೆನ್ನಿಗೇ ಮತ್ತೆ ಡಯಲ್ ಮಾಡಿದಾಗ 19 ಬಂದರೆ, ಹಿಂದಿನ ಸೆಷನ್ ಸರ್ವರಿನಲ್ಲಿ ಇನ್ನೂ ಮುಚ್ಚಿರಲಿಕ್ಕಿಲ್ಲ. ಕೆಲವು ನಿಮಿಷ ಬಿಡಿ.

16 ಎಂದರೆ ಮೋಡೆಮ್ ಕರೆ ಇಳಿಸಿತು. ಪ್ರತಿ ಸಲವೂ ಕನೆಕ್ಟ್ ಆದ ಕ್ಷಣದಲ್ಲೇ ಬಂದರೆ ಕೇಬಲಿನಲ್ಲಿ ಸಂಪರ್ಕ ಕೂಡಿದೆ ಎಂದು ತಿಳಿಸುವ ಕ್ಯಾರಿಯರ್ ತಂತಿ ಇಲ್ಲ (9 ಪಿನ್ನಿನಲ್ಲಿ 1ನೆಯದು, 25ರಲ್ಲಿ 8ನೆಯದು). ಮೋಡೆಮಿನಲ್ಲಿ &ಸಿ1 ಇರಲಿ; ಅದಿಲ್ಲದಿದ್ದರೆ ಕರೆ ಕಡಿದದ್ದು ಪಿಪಿಪಿಡಿಗೆ ಗೊತ್ತಾಗುವುದಿಲ್ಲ. &ಡಿ2 ಕೂಡ ಬೇಕು; ಅದಿಲ್ಲದಿದ್ದರೆ ಪಿಪಿಪಿಡಿ ನಿಲ್ಲಿಸಿದ ಮೇಲೂ ಮೋಡೆಮ್ ಫೋನ್ ಹಿಡಿದುಕೊಂಡೇ ಇದ್ದು ಬಿಲ್ ಏರುತ್ತದೆ.

ಕೂಡಿತು, ಆದರೆ ಏನೂ ತೆರೆಯುತ್ತಿಲ್ಲ

ಪಿಂಗ್‌ನಿಂದ 8.8.8.8 ಪರೀಕ್ಷಿಸಿ. ಉತ್ತರ ಬಂದೂ ಹೆಸರಿನ ವಿಳಾಸಗಳು ತೆರೆಯದಿದ್ದರೆ ಡಿಎನ್‌ಎಸ್. ಪಿಪಿಪಿಡಿ ತನಗೆ ಸಿಕ್ಕ ಸರ್ವರುಗಳನ್ನು ಇಟಿಸಿ-ಪಿಪಿಪಿ ಒಳಗಿನ ರಿಸಾಲ್ವ್ ಫೈಲಿನಲ್ಲಿ ಬರೆಯುತ್ತದೆ. ಇಟಿಸಿಯ ಮುಖ್ಯ ಫೈಲಿಗೆ ಅದನ್ನು ಸಾಗಿಸುವುದು ಐಪಿ-ಅಪ್ ಲಿಪಿಯ ಕೆಲಸ. ಸಿಸ್ಟಮ್‌ಡಿ-ರಿಸಾಲ್ವ್‌ಡಿ ಇರುವ ಯಂತ್ರದಲ್ಲಿ ಮುಖ್ಯ ಫೈಲು 127.0.0.53ಕ್ಕೆ ಬೊಟ್ಟು ಮಾಡುತ್ತಿದ್ದು ಈ ಕೊಂಡಿ ತಪ್ಪಿಹೋಗಬಹುದು. ಆಗ ರಿಸಾಲ್ವ್‌ಸಿಟಿಎಲ್ ಆಜ್ಞೆಯಿಂದ ಪಿಪಿಪಿ0ಗೆ ಡಿಎನ್‌ಎಸ್ ಹೇಳಿಕೊಡಿ.

ಪಿಂಗ್‌ಗೂ ಉತ್ತರವಿಲ್ಲದಿದ್ದರೆ ಐಪಿ ರೂಟ್ ನೋಡಿ. ಡಿಫಾಲ್ಟ್ ಸಾಲು ಪಿಪಿಪಿ0 ಬದಲು ಈಥರ್ನೆಟ್ ಅಥವಾ ವೈಫೈ ಕಡೆಗಿದ್ದರೆ ಪಿಪಿಪಿಡಿ ಅದನ್ನು ತಾನಾಗಿ ಕಿತ್ತುಹಾಕುವುದಿಲ್ಲ, ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಿರುತ್ತದೆ. ಆ ರೂಟ್ ಅಳಿಸಿ ಮತ್ತೆ ಡಯಲ್ ಮಾಡಿ, ಅಥವಾ ಪೀರ್ಸ್ ಫೈಲಿಗೆ ರಿಪ್ಲೇಸ್‌ಡಿಫಾಲ್ಟ್‌ರೂಟ್ ಸೇರಿಸಿ.

ಎಲ್ಲವೂ ಸರಿ, ಆದರೂ ಪುಟ ಬರುತ್ತಿಲ್ಲ, ಪಿಂಗ್ ಸಮಯ ನಾಲ್ಕೈದು ಸೆಕೆಂಡಿಗೆ ಏರಿದೆ ಎಂದರೆ ಲೈನು ತುಂಬಿದೆ. 48000ದಲ್ಲಿ ಕೂಡಿದ ಸಂಪರ್ಕ ಸೆಕೆಂಡಿಗೆ 5ರಿಂದ 6 ಕಿಲೋಬೈಟ್ ಕೊಡುತ್ತದೆ, 1 ಎಂಬಿಗೆ ಮೂರು ನಿಮಿಷ. ಹಿನ್ನೆಲೆಯಲ್ಲಿ ಆಪ್ಟ್, ಸ್ನ್ಯಾಪ್, ಬ್ರೌಸರಿನ ತಾಜಾಕರಣ ಶುರುವಾದರೆ ನಿಮಗೆ ಚೂರೂ ಉಳಿಯುವುದಿಲ್ಲ. ನೆಟ್‌ಹಾಗ್ಸ್‌ಗೆ ಪಿಪಿಪಿ0 ಕೊಟ್ಟರೆ ತಿನ್ನುತ್ತಿರುವವರ ಹೆಸರು ಕಾಣುತ್ತದೆ. ಹಳೆಯ ಯಂತ್ರದಲ್ಲಿ ಸುರಕ್ಷಿತ ತಾಣಗಳು ಮಾತ್ರ ತೆರೆಯದಿದ್ದರೆ ಗಡಿಯಾರ ನೋಡಿ. ಮದರ್‌ಬೋರ್ಡಿನ ಸೆಲ್ ಸತ್ತು ದಿನಾಂಕ ಹಿಂದೆ ಬಿದ್ದರೆ ಪ್ರಮಾಣಪತ್ರಗಳನ್ನು ಬ್ರೌಸರ್ ನಂಬುವುದಿಲ್ಲ.

ನಡುನಡುವೆ ಕಡಿಯುವುದು

ನಿಜವಾದ ಲೈನ್ ವೇಗ ಮೊದಲು ತಿಳಿಯಬೇಕು. "ಕನೆಕ್ಟ್ 115200" ಎಂಬುದು ಪೋರ್ಟಿನ ವೇಗ. ಎಟಿಡಬ್ಲ್ಯು2 ಸೇರಿಸಿದರೆ ಹಲವು ಮೋಡೆಮ್‌ಗಳು ಲೈನಿನ ವೇಗ ಹೇಳುತ್ತವೆ. ಕರೆ ಕಡಿದ ಬಳಿಕ ಮಿನಿಕಾಮ್‌ನಲ್ಲಿ ಕೊನೆಕ್ಸಾಂಟ್ ಆದರೆ ಎಟಿ&ವಿ1, ಯುಎಸ್ ರೊಬೊಟಿಕ್ಸ್ ಆದರೆ ಎಟಿಐ6 ಕೊಡಿ; ಕಳೆದ ಕರೆಯ ವೇಗ, ಎಷ್ಟು ಸಲ ಮರುಹೊಂದಾಣಿಕೆ ಆಯಿತು, ಕಡಿದದ್ದು ಯಾಕೆ ಎಂಬ ಪಟ್ಟಿ ಸಿಗುತ್ತದೆ. ಮರುಹೊಂದಾಣಿಕೆಯ ಎಣಿಕೆ ಹೆಚ್ಚಿದ್ದರೆ ಮತ್ತೆ ಆ ಕರಕರ ಪರೀಕ್ಷೆಗೆ ಹೋಗಿ, ವೇಗ ಒಂದು ಮೆಟ್ಟಿಲು ಇಳಿಸಿ. 50000ದಲ್ಲಿ ಕೂಡಿ ಹತ್ತು ನಿಮಿಷಕ್ಕೊಮ್ಮೆ ಕಡಿಯುವುದಕ್ಕಿಂತ 31200ರಲ್ಲಿ ಗಟ್ಟಿಯಾಗಿ ನಿಲ್ಲುವುದೇ ಮೇಲು.

ಕ್ಯಾರಿಯರ್ ಕ್ಷಣಕಾಲ ತಪ್ಪಿದರೂ ಇಳಿಸಿಬಿಡುವ ಆತುರವನ್ನು ಎಸ್10 ರಿಜಿಸ್ಟರ್ ನಿಯಂತ್ರಿಸುತ್ತದೆ. ಅಳತೆ ಸೆಕೆಂಡಿನ ಹತ್ತನೆಯ ಒಂದು ಭಾಗ. ಸಾಮಾನ್ಯವಾಗಿ 14 ಇರುವುದನ್ನು 50 ಮಾಡಿದರೆ 5 ಸೆಕೆಂಡು ತಾಳುತ್ತದೆ. 15ರ ಸಂಖ್ಯೆಯೊಂದಿಗೆ ಪಿಪಿಪಿಡಿ ನಿಂತರೆ ಕಡಿದದ್ದು ಮೋಡೆಮಲ್ಲ. ಎಲ್‌ಸಿಪಿ-ಎಕೋ ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ. ದೊಡ್ಡ ಡೌನ್‌ಲೋಡ್ ನಡೆಯುವಾಗ ಆ ಉತ್ತರ ಸರದಿಯಲ್ಲಿ ಸಿಕ್ಕಿಬೀಳುವುದುಂಟು. ಅಂತರ 30 ಸೆಕೆಂಡು, ಸೋಲಿನ ಮಿತಿ 4 ಇಟ್ಟರೆ ಸಾಕು.

ತಾಮ್ರದ ತಂತಿ ತೆಗೆದು ಫೈಬರ್ ಹಾಕಿಸಿಕೊಂಡ ಮನೆಗಳಲ್ಲಿ ಇದಕ್ಕಿಂತ ಬೇರೆ ಕಥೆ. ಒಎನ್‌ಟಿ (ಫೈಬರ್ ಬಂದು ಸೇರುವ) ಪೆಟ್ಟಿಗೆಯ ಫೋನ್ ತೂತಿನಲ್ಲಿ ಡಯಲ್ ಟೋನು ಚೆನ್ನಾಗಿರುತ್ತದೆ, ಮಾತೂ ಸ್ಪಷ್ಟ, ಮೋಡೆಮ್ ಮಾತ್ರ ಕೂಡುವುದಿಲ್ಲ ಅಥವಾ ಕೂಡಿ ಕಡಿಯುತ್ತದೆ. ಧ್ವನಿ ಅಲ್ಲಿ ಪ್ಯಾಕೆಟ್ ಆಗಿ ಹೋಗುತ್ತದೆ; ಒಂದು ಪ್ಯಾಕೆಟ್ ತಪ್ಪಿದರೆ ಕಿವಿಗೆ ಗೊತ್ತಾಗದು, ಮೋಡೆಮ್‌ಗೆ ಮಾತ್ರ ತಾಳ ತಪ್ಪುತ್ತದೆ. ಕೋಡೆಕ್ (ಧ್ವನಿಯನ್ನು ಅಂಕೆಗಳಾಗಿಸುವ ವಿಧಾನ) ಜಿ.729 ಆಗಿದ್ದರೆ ಕ್ಯಾರಿಯರ್ ಸಿಗುವ ಮಾತೇ ಇಲ್ಲ, ಜಿ.711 ಬೇಕೇ ಬೇಕು. ಅದಾದ ಮೇಲೂ ವಿ.32ಬಿಸ್‌ಗೆ, ಅಂದರೆ 14400ಕ್ಕೆ, ಎಟಿ+ಎಂಎಸ್=ವಿ32ಬಿ ಎಂದು ಕಟ್ಟಿಹಾಕಿ ನೋಡಿ. ಅದೂ ನಿಲ್ಲದಿದ್ದರೆ 9600 ಕೊನೆಯ ಪ್ರಯತ್ನ.